ಮೈಲುತುತ್ತವೂ ಲೋಹಲೇಪವೂ

ಲೋಹದ ಮೇಲೆ ಲೋಹವನ್ನು ವಿದ್ಯುತ್ತಿನಿಂದ ಲೇಪಿಸುವ ವಿದ್ಯೆಯು ಅಗಸ್ತ್ಯಮಹರ್ಷಿಗಳಿಗೆ ತಿಳಿದಿದ್ದಿತೆಂಬ ಮಾತು ಸಭೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಆಗಾಗ್ಗೆ ಕೇಳಿಬರುತ್ತದೆ. ಇದಕ್ಕೆ ಅಗಸ್ತ್ಯಸಂಹಿತೆಯವೆಂದು ಕೆಲವು ಶ್ಲೋಕಗಳನ್ನು ಉದಾಹರಿಸಿ, ಅಲ್ಲಿ ಬರುವ 'ಶಿಖಿಗ್ರೀವ'ವು ಮೈಲುತುತ್ತವೆಂದು ಅರ್ಥೈಸುವರು. ಆದರೆ ವಿದ್ವಾಂಸರಿಗೆ ಪರಿಚಿತವಾದ ಅಗಸ್ತ್ಯಸಂಹಿತೆಯು ಶ್ರೀರಾಮೋಪಾಸನೆಯ ಗ್ರಂಥ. ಆ ಶ್ಲೋಕಗಳಾದರೋ ಪ್ರಚಾರಕ್ಕೆ ಬಂದುದು 20ನೆಯ ಶತಮಾನದಲ್ಲಿ, ಅಂದರೆ ಯೂರೋಪಿನಲ್ಲಿ ವಿದ್ಯುಲ್ಲೇಪನವು ಪ್ರಸಿದ್ಧವಾದ ಬಹುಕಾಲದ ಮೇಲೆ. ಆಕರ ತಿಳಿಯದ ಶ್ಲೋಕವನ್ನು ಪ್ರಮಾಣವೆಂದು ಹಿಡಿಯುವುದು ಶಾಸ್ತ್ರಮರ್ಯಾದೆಯಲ್ಲ.

ಪ್ರಾಮಾಣಿಕ ಗ್ರಂಥಗಳು ಹೇಳುವುದು ಬೇರೆ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಅಕ್ಕಸಾಲಿಗರ ಕಪಟಗಳ ವಿಸ್ತಾರವಾದ ವರ್ಣನೆಯಿದೆ. ಸೀಸದ ರೂಪಕ್ಕೆ ಚಿನ್ನದ ತಗಡನ್ನು ಹೊದಿಸಿ ಅರಗಿನಿಂದ ಬಿಗಿಯುವುದು ಅವುಗಳಲ್ಲೊಂದು. ಕಾಯಿಸುವುದು, ಒರೆಗಲ್ಲಿಗೆ ಹಚ್ಚುವುದು, ಗೀರಿ ನೋಡುವುದು ಪರೀಕ್ಷಾಕ್ರಮಗಳು. ತಗಡು, ಅರಗು, ಬೆಂಕಿಗಳಲ್ಲದೆ ಇಲ್ಲಿ ಮತ್ತೊಂದು ಶಕ್ತಿಯ ಸುಳಿವಿಲ್ಲ. ರಸಗ್ರಂಥಗಳಲ್ಲಿ ಸಸ್ಯಕವೆಂಬ ಮೈಲುತುತ್ತಕ್ಕೆ ಕಾಲುಭಾಗ ಬಿಳಿಗಾರವನ್ನು ಕೂಡಿಸಿ, ಕರಂಜತೈಲದಲ್ಲಿ ನೆನೆಯಿಸಿ, ಮೂಷೆಯಲ್ಲಿಟ್ಟು ಇದ್ದಲಿನ ಬೆಂಕಿಯಲ್ಲಿ ಕಾಸಿದರೆ ಇಂದ್ರಗೋಪದ ಬಣ್ಣದ ಸತ್ತ್ವವು ಹೊರಡುವುದೆಂದಿದೆ. ಆ ಸತ್ತ್ವವೇ ತಾಮ್ರ. (ಕರಂಜವು ನಮ್ಮ ಹೊಂಗೆ, ಮಧುಗಿರಿ ಸೀಮೆಯ ಐ.ಡಿ.ಹಳ್ಳಿಯ ಒಕ್ಕಲಿಗನಿಗೆ ಅದಕ್ಕೆ ಟೀಕೆ ಬೇಕಾಗದು.) ಇದು ಅಗ್ನಿಸಾಧ್ಯವಾದ ಕ್ರಿಯೆ, ನಿಜವಾದ ರಸಾಯನಜ್ಞಾನ, ಇದರ ಗೌರವಕ್ಕೆ ಕಲ್ಪಿತ ಶ್ಲೋಕಗಳ ಆಸರೆ ಬೇಕಿಲ್ಲ.

ಶಬ್ದಗಳೂ ಸಾಕ್ಷಿ ನುಡಿಯುತ್ತವೆ. ಲೋಹಲೇಪಕ್ಕೆ ಕನ್ನಡದಲ್ಲಿ ರೂಢವಾದ ಮುಲಾಮು, ಗಿಲೀಟು ಎಂಬೆರಡೂ ಅನ್ಯದೇಶ್ಯಗಳು. ಮೊದಲನೆಯದು ಹಿಂದೂಸ್ತಾನಿಯಿಂದ, ಎರಡನೆಯದು ಇಂಗ್ಲಿಷಿನಿಂದ ಬಂದುದು.

ವೋಲ್ಟನು 1800ರಲ್ಲಿ ವಿದ್ಯುತ್ಕೋಶವನ್ನು ರಚಿಸಿದ ಮೇಲೆ 1805ರಲ್ಲಿ ಬ್ರುನ್ಯಾಟೆಲ್ಲಿ ಎಂಬ ಇಟಲಿಯ ವಿದ್ವಾಂಸನು ಬೆಳ್ಳಿಯ ಪದಕಗಳಿಗೆ ಚಿನ್ನವನ್ನು ಲೇಪಿಸಿದನು. ಗಂಧಕಾಮ್ಲ ಬೆರೆತ ನೀರಿನಲ್ಲಿ ಮೈಲುತುತ್ತವನ್ನು ಕರಗಿಸಿ ವಿದ್ಯುತ್ತನ್ನು ಹರಿಯಿಸಿದರೆ ತಾಮ್ರವು ಋಣಧ್ರುವದ ತಗಡಿನ ಮೇಲೆ ಕೂಡುತ್ತದೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.19 ಗ್ರಾಂ. ಇದೇ ದ್ರವದಲ್ಲಿ ಕಬ್ಬಿಣದ ಚೂರಿಯನ್ನು ಅದ್ದಿದರೆ ವಿದ್ಯುತ್ಕೋಶವಿಲ್ಲದೆಯೇ ಅದು ಕೆಂಪಾಗುವುದು. ಕಬ್ಬಿಣವು ಕರಗಿ ತಾಮ್ರಕ್ಕೆ ಎಡೆಗೊಡುವುದೇ ಇದಕ್ಕೆ ಕಾರಣ. ಪ್ರಾಚೀನರು ಇದನ್ನು ಕಂಡಿದ್ದರೆಂದೇ ಒಪ್ಪಿದರೂ ವಿದ್ಯುಲ್ಲೇಪನವು ಸಿದ್ಧಿಸುವುದಿಲ್ಲ.

ಅಲ್ಯೂಮಿನಿಯಂ ಈ ಕ್ರಮಕ್ಕೆ ಒಗ್ಗದು. ನೀರಿದ್ದಲ್ಲಿ ಅದಕ್ಕಿಂತ ಮೊದಲು ಜಲಜನಕವು ಹೊರಡುತ್ತದೆ. ಆದುದರಿಂದ ನೀರಿಲ್ಲದೆ ತಾನೇ ದ್ರವವಾಗಿರುವ ಲವಣವು ಬೇಕಾಯಿತು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವ ಇಂಥದೊಂದು ಲವಣವನ್ನು ವಾಲ್ಡನ್ 1914ರಲ್ಲಿ ವರ್ಣಿಸಿದನು. ಹರ್ಲಿ, ವಿಯರ್ ಎಂಬವರು 1951ರಲ್ಲಿ ಬೇರೊಂದು ಲವಣಮಿಶ್ರಣದಿಂದ ಅಲ್ಯೂಮಿನಿಯಂ ಲೇಪವನ್ನು ಪಡೆದುದನ್ನು ಪ್ರಕಟಿಸಿದರು. ಈ ಜಾತಿಯ ದ್ರವಗಳಿಗೆ ಈಗ ಅಯಾನಿಕ ದ್ರವಗಳೆಂದು ಹೆಸರು.