ಕಾರ್ನೆಟ್, ರಾಗಿ ಹಿಟ್ಟು, ಟೊಮೆಟೊ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಿಂದ ಗಾಂಧಿನಗರಕ್ಕೆ ಬಂದು ಪ್ರೊಡಕ್ಷನ್ ಮ್ಯಾನೇಜರ್ ಆದವನು ನಾನು. ಹೊರದೇಶದ ಶೂಟಿಂಗ್ ಬಗ್ಗೆ ಬರೆಯುವವರು ನಾಯಕ, ನಾಯಕಿ, ಹಾಡು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆ ಕ್ಯಾಮೆರಾ ಯಾವ ಕಾಗದದ ಮೇಲೆ ಗಡಿ ದಾಟಿತು, ಡಾಲರ್ ಎಲ್ಲಿಂದ ಬಂತು, ಯೂನಿಟ್‌ಗೆ ಅನ್ನ ಬೇಯಿಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ನನ್ನ ಕಸುಬಿನ ಚರಿತ್ರೆಯೆಲ್ಲ ಇರುವುದು ಅಲ್ಲೇ.

ಮೆಡಿಟರೇನಿಯನ್ ಸೀಮೆಗೆ ಹಿಂದಿ ಸಿನಿಮಾದವರು ಬಹಳ ಬೇಗ ಹೋದರು. 1954ರ ‘ನಾಜ್’ ಕೈರೋದಲ್ಲಿ ಚಿತ್ರೀಕರಣಗೊಂಡಿತ್ತು. 1964ರ ‘ಸಂಗಮ್’ಗಾಗಿ ರಾಜ್ ಕಪೂರ್ ವೆನಿಸ್ಸಿನ ಕಾಲುವೆಗಳಿಗೆ ಕ್ಯಾಮೆರಾ ಒಯ್ದರು. ಕನ್ನಡದವರು ಮೊದಲು ಕಡಲು ದಾಟಿದ್ದು ದ್ವಾರಕೀಶ್ ನಿರ್ಮಿಸಿದ ‘ಸಿಂಗಪೂರ್‌ನಲ್ಲಿ ರಾಜಾಕುಳ್ಳ’ ಚಿತ್ರಕ್ಕಾಗಿ. ಸಿ.ವಿ. ರಾಜೇಂದ್ರನ್ ನಿರ್ದೇಶನ, ವಿಷ್ಣುವರ್ಧನ್ ನಾಯಕ, ತೆರೆಕಂಡದ್ದು 1978ರಲ್ಲಿ. ಅದು ಫೆರಾ ಕಾಯ್ದೆಯ ಕಾಲ. ವಿದೇಶಿ ಹಣಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. ಹಾಗಾಗಿ ಒಬ್ಬ ಲೈಟ್‌ಮನ್ ಹೆಚ್ಚು ಕರೆದೊಯ್ಯುವುದಕ್ಕೂ ಹತ್ತು ಸಲ ಯೋಚಿಸಬೇಕಿತ್ತು.

ಹಣಕ್ಕಿಂತ ನೆಗೆಟಿವ್ ಚಿಂತೆ ದೊಡ್ಡದಾಗಿತ್ತು. ನಾನೂರು ಅಡಿಯ ಒಂದು ಡಬ್ಬದಲ್ಲಿ ಸಿಗುವುದು ನಾಲ್ಕೂವರೆ ನಿಮಿಷದ ಚಿತ್ರ. ಎಕ್ಸ್‌ರೇ ಯಂತ್ರದಲ್ಲಿ ಡಬ್ಬ ಹೋದರೆ ಫಿಲ್ಮಿಗೆ ಮಬ್ಬು ಹಿಡಿಯುತ್ತದೆ. ಕೈಯಲ್ಲೇ ತಪಾಸಣೆ ಮಾಡಿ ಅಂತ ವಿಮಾನ ನಿಲ್ದಾಣದಲ್ಲಿ ಬೇಡಿಕೊಳ್ಳಬೇಕಿತ್ತು. ತೊಳೆಯುತ್ತಿದ್ದುದು ವಾಪಸ್ ಬಂದು ಮದ್ರಾಸಿನ ಲ್ಯಾಬ್‌ನಲ್ಲಿ. ಶಾಟ್ ಕೆಟ್ಟಿದೆಯೆಂದು ಗೊತ್ತಾಗುವ ಹೊತ್ತಿಗೆ ದೇಶವೇ ದಾಟಿ ಬಂದಿರುತ್ತಿದ್ದೆವು. ಈಗಿನ ಹುಡುಗರು ಮಾನಿಟರ್‌ನಲ್ಲಿ ನೋಡಿ ಇನ್ನೊಂದು ಟೇಕ್ ಹೋಗೋಣ ಅನ್ನುವಾಗ, ಅಂದಿನ ಛಾಯಾಗ್ರಾಹಕರ ಧೈರ್ಯಕ್ಕೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

1991ರ ನಂತರ ಹಣದ ಬಿಗಿ ಸಡಿಲವಾಯಿತು, ಫೆರಾ ಹೋಗಿ ಫೆಮಾ ಬಂತು. ನಾಗತಿಹಳ್ಳಿ ಚಂದ್ರಶೇಖರ್ 1997ರಲ್ಲಿ ‘ಅಮೆರಿಕ ಅಮೆರಿಕ’, 2003ರಲ್ಲಿ ‘ಪ್ಯಾರಿಸ್ ಪ್ರಣಯ’ ತಂದರು. ಷೆಂಗೆನ್ ವೀಸಾ ಬಂದ ಮೇಲೆ ಒಂದೇ ಮುದ್ರೆಯಲ್ಲಿ ಸ್ಪೇನ್, ಇಟಲಿ, ಗ್ರೀಸ್ ಮೂರನ್ನೂ ಸುತ್ತಬಹುದಾಯಿತು. ಟರ್ಕಿ, ಈಜಿಪ್ಟ್ ಆ ಲೆಕ್ಕದ ಹೊರಗೆ.

ನಮ್ಮ ಕಸುಬಿನವರಿಗೆ ಪಾಸ್‌ಪೋರ್ಟಿಗಿಂತ ಮುಖ್ಯವಾದ ಇನ್ನೊಂದು ಪುಸ್ತಕವಿದೆ. ಹಸಿರು ರಟ್ಟಿನ ಎಟಿಎ ಕಾರ್ನೆಟ್, ಅಂದರೆ ಸಾಮಾನನ್ನು ಸುಂಕ ಕಟ್ಟದೆ ಹೊರದೇಶಕ್ಕೆ ಒಯ್ದು ವಾಪಸ್ ತರುವ ಪರವಾನಗಿ. ಭಾರತದಲ್ಲಿ ಅದನ್ನು ಕೊಡುವುದು ಉದ್ಯಮಿಗಳ ಒಕ್ಕೂಟವಾದ ಎಫ್‌ಐಸಿಸಿಐ (ಫಿಕ್ಕಿ), ಭದ್ರತೆ ಇಟ್ಟುಕೊಂಡು, ಒಂದು ವರ್ಷದ ಅವಧಿಗೆ. ಕ್ಯಾಮೆರಾ, ಪ್ರತಿ ಲೆನ್ಸ್, ಟ್ರೈಪಾಡ್, ಎಲ್ಲದರ ನಂಬರ್, ತೂಕ, ಬೆಲೆ ಅದರಲ್ಲಿರಬೇಕು. ಇಲ್ಲಿಂದ ಹೊರಡುವಾಗ ಹಳದಿ ಹಾಳೆಗೆ ಮುದ್ರೆ, ಅಲ್ಲಿ ಇಳಿದಾಗ ಬಿಳಿ ಹಾಳೆಗೆ, ಅಲ್ಲಿಂದ ಹೊರಡುವಾಗ ಮತ್ತೆ ಬಿಳಿಗೆ, ಮನೆಗೆ ಬಂದಾಗ ಮತ್ತೆ ಹಳದಿಗೆ. ಒಂದು ಮುದ್ರೆ ತಪ್ಪಿದರೂ ಆ ಸಾಮಾನು ಅಲ್ಲೇ ಮಾರಾಟವಾಯಿತೆಂದು ತಿಳಿದು ಸುಂಕ ಕೇಳುತ್ತಾರೆ. ಎಲ್ಲರೂ ನಿದ್ದೆಗಣ್ಣಿನಲ್ಲಿ ಬೋರ್ಡಿಂಗ್ ಗೇಟಿಗೆ ಓಡುವಾಗ ಮ್ಯಾನೇಜರ್ ಕಸ್ಟಮ್ಸ್ ಕೌಂಟರ್ ಹುಡುಕಬೇಕು. ಸಾಮಾನಿನ ಪಟ್ಟಿಯನ್ನು ನಾನು ಬೇರೆಯವರ ಕೈಗೆ ಎಂದೂ ಕೊಟ್ಟವನಲ್ಲ. ಪೆಟ್ಟಿಗೆ ತೆರೆದು, ನಂಬರನ್ನು ಕಣ್ಣಾರೆ ಓದಿ, ಕೈಯಾರೆ ಬರೆಯಬೇಕು.

ತಿಂದು, ಬಳಸಿ ಮುಗಿಸುವ ಸಾಮಾನು ಕಾರ್ನೆಟ್‌ಗೆ ಬರುವುದಿಲ್ಲ. ಅಡುಗೆಯವರಿಗೆ ಇದನ್ನು ಮೊದಲೇ ಹೇಳಿರಬೇಕು. ಯುರೋಪಿಗೆ ರಾಗಿ ಹಿಟ್ಟು, ಹುಳಿಪುಡಿ ಒಯ್ಯಬಹುದು. ತುಪ್ಪ ಕೂಡದು, ಹಾಲಿನ ಪದಾರ್ಥ ಯಾವುದೂ ಸಾಮಾನಿನಲ್ಲಿ ಇರಬಾರದು. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ನಮ್ಮ ಕಡೆಯ ಲೈಟ್‌ಮನ್‌ಗೆ ಮೂರು ದಿನ ಬ್ರೆಡ್ ಕೊಟ್ಟು ನೋಡಿ, ನಾಲ್ಕನೆಯ ದಿನ ಕೆಲಸ ಓಡುವುದಿಲ್ಲ. ಮುದ್ದೆ ಕೊಟ್ಟರೆ ಮಧ್ಯರಾತ್ರಿವರೆಗೂ ನಿಲ್ಲುತ್ತಾನೆ.

ಕಾಲ್‌ಶೀಟನ್ನೂ ಅಲ್ಲಿಯ ಸೂರ್ಯನಿಗೆ ತಕ್ಕಂತೆ ಬರೆಯಬೇಕು. ಜೂನ್‌ನಲ್ಲಿ ಸ್ಪೇನ್‌ನಲ್ಲಿ ರಾತ್ರಿ ಒಂಬತ್ತಾದರೂ ಬಿಸಿಲಿರುತ್ತದೆ. ಮಧ್ಯಾಹ್ನದ ಬೆಳಕು ಮುಖಕ್ಕೆ ಒಳ್ಳೆಯದಲ್ಲ, ಊರಿನ ಅಂಗಡಿಗಳೂ ಆಗ ಮುಚ್ಚಿರುತ್ತವೆ. ಹಾಗಾಗಿ ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ಇಟಲಿಯಲ್ಲಿ ಆಗಸ್ಟ್ 15ರ ಆಸುಪಾಸು ಕಚೇರಿಯ ಕೆಲಸ ಇಟ್ಟುಕೊಳ್ಳಲೇಬಾರದು, ಊರಿಗೆ ಊರೇ ರಜೆಯಲ್ಲಿರುತ್ತದೆ. ಅಥೆನ್ಸಿನ ಅಕ್ರೊಪೊಲಿಸ್‌ನಲ್ಲಿ ಕ್ಯಾಮೆರಾ ಇಡಬೇಕಾದರೆ ಅವರ ಪುರಾತತ್ವ ಮಂಡಳಿ ಒಪ್ಪಬೇಕು.

ಸ್ಪೇನ್ ಅಂದರೆ ನಮ್ಮ ಊರಿನ ಹುಡುಗರಿಗೆ ನೆನಪಾಗುವುದು ಟೊಮೆಟೊ. ವೆಲೆನ್ಸಿಯಾ ಹತ್ತಿರದ ಬುನ್ಯೋಲ್‌ನಲ್ಲಿ ಆಗಸ್ಟ್ ತಿಂಗಳ ಕೊನೆಯ ಬುಧವಾರ ಜನ ಟೊಮೆಟೊ ಎರಚಾಡುತ್ತಾರೆ. 1945ರಿಂದ ಬಂದ ಪದ್ಧತಿ. 2011ರ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಚಿತ್ರದ ಒಂದು ಹಾಡಿಗೆ ಅದನ್ನೇ ಬುನ್ಯೋಲ್‌ನಲ್ಲಿ ಮತ್ತೆ ಹುಟ್ಟುಹಾಕಿದರು. ಪೋರ್ಚುಗಲ್‌ನಿಂದ ತರಿಸಿದ ಹಣ್ಣು ಸುಮಾರು 16 ಟನ್. ಚಿಂತಾಮಣಿ ಮಂಡಿಯ 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಸಾವಿರಕ್ಕೂ ಮೀರಿದ ಬಾಕ್ಸ್. ಅಷ್ಟು ಹಣ್ಣು ಒಂದೇ ಹದಕ್ಕೆ ಮಾಗಿ, ಹೇಳಿದ ದಿನ, ಹೇಳಿದ ಬೀದಿಗೆ ಬಂದದ್ದು ಪ್ರೊಡಕ್ಷನ್‌ನವರ ದೊಡ್ಡ ಸಾಧನೆ. ನನ್ನ ಕಸುಬಿನವರಿಗೆ ಆ ಗೌರವ ಸಲ್ಲಬೇಕು.

ಆದರೆ ಟೊಮೆಟೊ ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಆ ಹಾಡು ನೋಡುವುದು ಕಷ್ಟ. ಬೆಲೆ ಬಿದ್ದ ವರ್ಷ ಬಿಡಿಸುವ ಕೂಲಿಯೂ ಗಿಟ್ಟದೆ ಕೆಂಚಾರ್ಲಹಳ್ಳಿ ರಸ್ತೆ ಬದಿಯಲ್ಲಿ ಹಣ್ಣು ಸುರಿದುಹೋದ ರೈತರನ್ನು ಕಂಡಿದ್ದೇನೆ. ಆ ಚಿತ್ರ ಬಂದ ವರ್ಷವೇ ಬೆಂಗಳೂರು, ಮೈಸೂರಿನಲ್ಲಿ ಅಂಥ ಹಬ್ಬ ನಡೆಸಲು ಕೆಲವರು ಹೊರಟರು. ಆಗಿನ ಮುಖ್ಯಮಂತ್ರಿ ಸದಾನಂದ ಗೌಡರು ಅನುಮತಿ ಕೊಡಬೇಡಿ ಎಂದು ಪೊಲೀಸರಿಗೆ ಸೂಚಿಸಿದರು. ಸರಿಯಾದ ತೀರ್ಮಾನ ಅದು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಅದೇ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು, ಕಳ್ಳರ ಭಯಕ್ಕೆ ರೈತರು ರಾತ್ರಿಯೆಲ್ಲ ತೋಟ ಕಾದರು. ವಿದೇಶಿ ಲೊಕೇಶನ್ ಕೇಳಿಕೊಂಡು ಬರುವ ಹೊಸ ನಿರ್ದೇಶಕರಿಗೆ ನಾನು ವೀಸಾ, ಕಾರ್ನೆಟ್ ಎಲ್ಲವನ್ನೂ ಹೇಳಿಕೊಡುತ್ತೇನೆ. ಜೊತೆಗೆ, ಹೊರಡುವ ಮುಂಚೆ ಒಂದು ಬೆಳಿಗ್ಗೆ ಚಿಂತಾಮಣಿ ಮಂಡಿಯ ಹರಾಜಿಗೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತೇನೆ.