ಡೂಬಿಯಾ ಜಿರಳೆ ಸಾಕಣೆಯಲ್ಲಿ ಆನುವಂಶಿಕ ವೈವಿಧ್ಯ

ಡೂಬಿಯಾ ಜಿರಳೆಯು ದಕ್ಷಿಣ ಅಮೆರಿಕ ಮೂಲದ ಕೀಟ. ಇದರ ವೈಜ್ಞಾನಿಕ ಹೆಸರು ಬ್ಲಾಪ್ಟಿಕಾ ಡೂಬಿಯಾ. ಅಮೆರಿಕ ಮತ್ತು ಯುರೋಪಿನಲ್ಲಿ ಸಾಕುಹಲ್ಲಿ, ಕಪ್ಪೆ, ದೊಡ್ಡ ಜೇಡಗಳ ಆಹಾರಕ್ಕಾಗಿ ಇದನ್ನು ಡಬ್ಬಗಳಲ್ಲಿ ಸಾಕುತ್ತಾರೆ. ನಯವಾದ ಗೋಡೆಯನ್ನು ಇದು ಏರಲಾರದು. ಹೊರಗಿನ ಸಂಬಂಧವಿಲ್ಲದೆ ತಲೆಮಾರುಗಳು ಉರುಳುವ ಇಂಥ ಸಮೂಹದಲ್ಲಿ ಒಳಸಂಕರಣವನ್ನು ತಡೆದು, ವಂಶವಾಹಿಗಳ ವೈವಿಧ್ಯವನ್ನು ಉಳಿಸಿಕೊಳ್ಳುವ ಕ್ರಮಗಳನ್ನು ಈ ಲೇಖನ ವಿವರಿಸುತ್ತದೆ.

ಪರಿಣಾಮಕಾರಿ ಸಂಖ್ಯೆ

ಹೆಣ್ಣು ಒಂದು ಬಾರಿಗೆ ಸುಮಾರು 20ರಿಂದ 30 ಜೀವಂತ ಮರಿಗಳನ್ನು ಹಾಕುತ್ತದೆ. ಡಬ್ಬ ಬೇಗ ತುಂಬುತ್ತದೆ; ಆದರೆ ಈ ತುಂಬುವಿಕೆ ಮೋಸದ್ದು. ಕೆಲವೇ ಜೋಡಿಗಳಿಂದ ಹುಟ್ಟಿದ ಸಾವಿರ ಜಿರಳೆಗಳಲ್ಲಿ ಆ ಕೆಲವು ಜೋಡಿಗಳು ತಂದ ವೈವಿಧ್ಯಕ್ಕಿಂತ ಹೆಚ್ಚಿನದು ಇರಲಾರದು. ಪರಸ್ಪರ ನೆಂಟಸ್ತಿಕೆಯಿಲ್ಲದ 10 ಜಿರಳೆಗಳಿಂದ ಆರಂಭಿಸಿದರೆ ಮೂಲ ಸಮೂಹದ ವೈವಿಧ್ಯದಲ್ಲಿ ಸುಮಾರು ಶೇ. 95 ದೊರೆಯುತ್ತದೆ. ಕಷ್ಟವಿರುವುದು ಅದನ್ನು ಪಡೆಯುವುದರಲ್ಲಲ್ಲ, ಉಳಿಸಿಕೊಳ್ಳುವುದರಲ್ಲಿ.

ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಮಂಡಿಸಿದ ಲೆಕ್ಕದಂತೆ, ಗಂಡು ಮತ್ತು ಹೆಣ್ಣುಗಳ ಸಂಖ್ಯೆಗಳ ಗುಣಲಬ್ಧವನ್ನು 4ರಿಂದ ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿದರೆ ಸಮೂಹದ ಪರಿಣಾಮಕಾರಿ ಸಂಖ್ಯೆ ಸಿಗುತ್ತದೆ. 50 ಗಂಡು, 50 ಹೆಣ್ಣುಗಳಿದ್ದರೆ ಇದು 100. ಗಂಡುಗಳು 10, ಹೆಣ್ಣುಗಳು 90 ಆದರೆ 36ಕ್ಕೆ ಇಳಿಯುತ್ತದೆ. ತಲೆಗಳು ನೂರೇ, ತಳಿಯ ದೃಷ್ಟಿಯಲ್ಲಿ ಮೂವತ್ತಾರು. ಹೀಗಿರುವ ಸಮೂಹವು 10 ತಲೆಮಾರುಗಳಲ್ಲಿ ತನ್ನ ವೈವಿಧ್ಯದ ಸುಮಾರು ಶೇ. 13ನ್ನು ಕಳೆದುಕೊಳ್ಳುತ್ತದೆ. ಹೆಚ್ಚಾದ ಗಂಡುಗಳನ್ನು ಮೊದಲು ಹಲ್ಲಿಗೆ ಹಾಕುವ ರೂಢಿ ಸಾಕಣೆಗಾರರಲ್ಲಿದೆ. ಮೇವಿನ ದೃಷ್ಟಿಯಿಂದ ಇದು ಸರಿ. ಮಿತಿಮೀರಿದರೆ ಸಮೂಹದ ಬೇರಿಗೇ ಪೆಟ್ಟು.

ಅರಿವಿಲ್ಲದ ಆಯ್ಕೆ

ಕೈಗೆ ಮೊದಲು ಸಿಗುವ ದಪ್ಪ ಮರಿಗಳನ್ನೇ ಸದಾ ಮೇವಿಗೆ ತೆಗೆದರೆ, ನಿಧಾನವಾಗಿ ಬೆಳೆಯುವವು ಮುಂದಿನ ತಲೆಮಾರಿನ ತಂದೆತಾಯಿಗಳಾಗುತ್ತವೆ. ಆದ್ದರಿಂದ ಎಲ್ಲ ಗಾತ್ರದ ಮರಿಗಳಲ್ಲೂ ಒಂದಿಷ್ಟನ್ನು ಬೀಜಕ್ಕೆಂದು ಬೇರೆಯಾಗಿಡುವುದು ಒಳ್ಳೆಯದು. ರೈತರು ಬಿತ್ತನೆಗೆ ಕಾಳು ಎತ್ತಿಡುವಂತೆ.

ಡಬ್ಬಗಳ ನಡುವೆ ಬದಲಾವಣೆ

ಸಮೂಹವನ್ನು ಮೂರು ಡಬ್ಬಗಳಾಗಿ ವಿಂಗಡಿಸಿ, ಒಂದನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಮೂರನೆಯದರಿಂದ ಒಂದನೆಯದಕ್ಕೆ ಕೆಲವು ಜಿರಳೆಗಳನ್ನು ಆಗಾಗ ಸಾಗಿಸುವ ಪದ್ಧತಿಯುಂಟು. ಒಂದು ಡಬ್ಬಕ್ಕೆ ರೋಗ ಬಂದರೆ ಉಳಿದೆರಡು ಉಳಿಯುವ ಅವಕಾಶವೂ ಇದರಿಂದ ದೊರೆಯುತ್ತದೆ. ಇಲ್ಲಿ ಹಲವರು ಗಮನಿಸದ ಒಂದು ಅಂಶವಿದೆ. ಹೆಣ್ಣು ಜಿರಳೆ ಕೂಡಿದ ನಂತರ ವೀರ್ಯವನ್ನು ದೇಹದಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಬಲಿತ ಹೆಣ್ಣನ್ನು ಬೇರೆ ಡಬ್ಬಕ್ಕೆ ಹಾಕಿದರೂ ಅದು ಹಳೆಯ ಡಬ್ಬದ ಗಂಡಿನ ಮರಿಗಳನ್ನೇ ಹಾಕಬಹುದು. ಆದ್ದರಿಂದ ಕೊನೆಯ ಪೊರೆ ಕಳಚದ, ರೆಕ್ಕೆ ಬಾರದ ಮರಿಗಳನ್ನು ಸಾಗಿಸುವುದೇ ಸೂಕ್ತ.

ಹೊರಗಿನಿಂದ ತರುವಾಗ ಬೇರೆ ಬೇರೆ ಮಾರಾಟಗಾರರಿಂದ ಕೊಳ್ಳಬೇಕು. ಅವರೆಲ್ಲರೂ ಒಂದೇ ಮೂಲದಿಂದ ತಂದಿದ್ದರೆ ಶ್ರಮ ವ್ಯರ್ಥ, ಕೇಳಿ ತಿಳಿಯಬೇಕು. ಹೊಸದಾಗಿ ತಂದವನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟು, ನುಸಿ ಮತ್ತು ಬೂಷ್ಟು ಇಲ್ಲವೆಂದು ಖಚಿತಪಡಿಸಿಕೊಂಡೇ ಬೆರೆಸಬೇಕು. ಮೇವಿನ ಮಿಡತೆಹುಳು ಎನಿಸಿದ ಮನೆ ಚಿಮ್ಮಂಡೆಗಳ ಸಾಕಣೆ ಕೇಂದ್ರಗಳಲ್ಲಿ 2009-10ರ ಸುಮಾರಿಗೆ ಡೆನ್ಸೋವೈರಸ್ ಹರಡಿ ಉತ್ತರ ಅಮೆರಿಕದಲ್ಲಿ ಭಾರಿ ನಷ್ಟವಾಗಿತ್ತು.

ಲಕ್ಷಣಗಳು ಮತ್ತು ತಪ್ಪು ನಿರ್ಣಯ

ಮರಿಗಳ ಸಂಖ್ಯೆ ಇಳಿಯುವುದು, ಬೆಳವಣಿಗೆ ನಿಧಾನವಾಗುವುದು, ರೆಕ್ಕೆ ಮುರುಟುವುದು ಒಳಸಂಕರಣದ ಲಕ್ಷಣಗಳಿರಬಹುದು. ಆದರೆ ಶಾಖ 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ, ಗಾಳಿ ಒಣಗಿ ಪೊರೆ ಸರಿಯಾಗಿ ಕಳಚದಿದ್ದರೂ, ಡಬ್ಬ ಕಿಕ್ಕಿರಿದಿದ್ದರೂ ಇವೇ ತೋರುತ್ತವೆ. ರಕ್ತಸಂಬಂಧದ ಮೇಲೆ ದೋಷ ಹೊರಿಸುವ ಮೊದಲು ಉಷ್ಣಮಾಪಕವನ್ನು ನೋಡುವುದು ಮೇಲು: 28ರಿಂದ 32 ಡಿಗ್ರಿ ಶಾಖ, ತೇವವಿರುವ ಹಣ್ಣು ತರಕಾರಿ, ಅಡಗಲು ಮೊಟ್ಟೆಯ ಟ್ರೇಗಳು ಇದ್ದೂ ಒಂದೆರಡು ತಲೆಮಾರು ಕುಗ್ಗುತ್ತಲೇ ಹೋದರೆ ಆಗ ಹೊಸ ತಳಿ ಸೇರಿಸಬೇಕು.