ಬೇಡದ ಓಲೆಯ ಖರ್ಚು ಯಾರ ಲೆಕ್ಕಕ್ಕೆ?



ಟಪಾಲು ಪೆಟ್ಟಿಗೆ ತೆರೆದರೆ ಕ್ರೆಡಿಟ್ ಕಾರ್ಡಿನ ಆಹ್ವಾನ, ಊಟಕ್ಕೆ ಕುಳಿತರೆ ಕಾರಿನ ವಾರಂಟಿ ಮಾರುವವರ ಫೋನು, ಈ-ಮೇಲ್ ತೆರೆದರೆ ಹೆಸರೇ ಕೇಳಿರದ ಔಷಧಿ ಅಂಗಡಿ. ಇದೆಲ್ಲ ಕಂಪ್ಯೂಟರ್ ತಂದ ಪಿಡುಗು ಎಂದು ನಾವು ಮಾತಾಡಿಕೊಳ್ಳುವುದುಂಟು. ನಿಜ ಹೇಳಬೇಕೆಂದರೆ ಈ ಪಿಡುಗಿಗೆ ನೂರೈವತ್ತು ವರ್ಷ ದಾಟಿದೆ. ಅದರ ಇತಿಹಾಸದ ಉದ್ದಕ್ಕೂ ಕೇಳಿಬರುವ ಪ್ರಶ್ನೆ ಒಂದೇ: ಲಾಭ ಕಳಿಸಿದವನದು, ಖರ್ಚು ಯಾರದು?

1864ರ ಮೇ ತಿಂಗಳಲ್ಲಿ ಲಂಡನ್ನಿನ ಹಲವು ರಾಜಕಾರಣಿಗಳ ಮನೆಗೆ ಸಂಜೆ ಹೊತ್ತಿನಲ್ಲಿ ತಂತಿ ಬಂತು. ಗಾಬರಿಯಿಂದ ಒಡೆದು ನೋಡಿದರೆ ಗೇಬ್ರಿಯಲ್ ಎಂಬ ದಂತವೈದ್ಯರ ಜಾಹೀರಾತು! ತಂತಿ ಪಡೆದವರೊಬ್ಬರು ಸಿಟ್ಟಿಗೆದ್ದು 'ದಿ ಟೈಮ್ಸ್' ಪತ್ರಿಕೆಗೆ ದೂರು ಬರೆದರು. ಅವರ ಸಿಟ್ಟು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 2013ರ ಜುಲೈನಲ್ಲಿ ಭಾರತದ ತಂತಿ ಸೇವೆ ನಿಂತುಹೋಯಿತು. ಆದರೂ "ತಂತಿ ಬಂದಿದೆ" ಎಂಬ ಮಾತಿಗೆ ಮನೆಯವರ ಎದೆ ಧಸಕ್ಕೆನ್ನುತ್ತಿದ್ದುದನ್ನು ನಮ್ಮ ಹಿರಿಯರು ಮರೆತಿಲ್ಲ. ಲಂಡನ್ನಿನಲ್ಲಿ ತಂತಿಯ ದುಡ್ಡು ಕೊಟ್ಟವರು ವೈದ್ಯರೇ. ಪಡೆದವರು ತೆತ್ತಿದ್ದು ನೆಮ್ಮದಿ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ರೂಪವಿತ್ತು. ದೇವರ ಹೆಸರಿನಲ್ಲಿ ಒಂದು ಅಂಚೆ ಕಾರ್ಡು ಬರುತ್ತಿತ್ತು: ಇದನ್ನೇ ಇಷ್ಟು ಜನಕ್ಕೆ ಬರೆದು ಕಳಿಸಿದರೆ ಶುಭ, ಕಳಿಸದಿದ್ದರೆ ಕೇಡು! ಮೊದಲು ಬರೆದವನಿಗೆ ಆದ ಖರ್ಚು ನಾಲ್ಕಾರು ಕಾರ್ಡು. ಆಮೇಲಿನ ಕಾರ್ಡುಗಳನ್ನೆಲ್ಲ ಕೊಂಡವರು ಹೆದರಿದವರು. ಖರ್ಚನ್ನು ಪಡೆಯುವವರ ತಲೆಗೆ ಕಟ್ಟುವ ಉಪಾಯ ಅಲ್ಲೇ ಇತ್ತು.

ಗಣಕಯಂತ್ರ ಈ ಉಪಾಯವನ್ನು ತೀರಾ ಅಗ್ಗ ಮಾಡಿತು. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬವರು ತಮ್ಮ ಹೊಸ ಗಣಕದ ಪ್ರದರ್ಶನಕ್ಕೆ ಬನ್ನಿರೆಂದು ಸುಮಾರು 400 ಜನಕ್ಕೆ ಒಂದೇ ಸಂದೇಶ ಕಳಿಸಿದರು. ಅದು ಹೋದದ್ದು ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾನೆಟ್ ಜಾಲದಲ್ಲಿ. ಸರ್ಕಾರಿ ಕೆಲಸಕ್ಕೆಂದು ಇದ್ದ ಜಾಲದಲ್ಲಿ ವ್ಯಾಪಾರ ಮಾಡಿದ್ದಕ್ಕೆ ಅಧಿಕಾರಿಗಳು ಛೀಮಾರಿ ಹಾಕಿದರು. ಇದನ್ನೇ ಮೊದಲ ಸ್ಪ್ಯಾಮ್ ಎನ್ನುವುದು ವಾಡಿಕೆ.

ನಂತರ ಫ್ಯಾಕ್ಸ್ ಬಂತು. ಜಾಹೀರಾತು ಅವರದು, ಕಾಗದ ನಮ್ಮದು, ಶಾಯಿ ನಮ್ಮದು; ಅದು ಮುಗಿಯುವ ತನಕ ನಮ್ಮ ಯಂತ್ರವೂ ಅವರದೇ! ಇದು ಎಷ್ಟು ಕಣ್ಣಿಗೆ ಕಾಣುವ ಅನ್ಯಾಯವೆಂದರೆ 1991ರಲ್ಲಿ ಅಮೆರಿಕದ ಸಂಸತ್ತು ಕೇಳದೆ ಕಳಿಸುವ ಫ್ಯಾಕ್ಸ್ ಜಾಹೀರಾತನ್ನು ನಿಷೇಧಿಸಿತು. ಅಂಥ ಪ್ರತಿ ಫ್ಯಾಕ್ಸಿಗೂ 500 ಡಾಲರ್ ಪರಿಹಾರ ಕೇಳುವ ಹಕ್ಕನ್ನೂ ಕೊಟ್ಟಿತು.

ವಲಸೆ ಬಂದ ನಮಗೆ ತೀರಾ ಹತ್ತಿರದ ಪ್ರಕರಣ ನಡೆದದ್ದು 1994ರ ಏಪ್ರಿಲ್ 12ರಂದು. ಅರಿಜೋನಾದ ವಕೀಲ ದಂಪತಿಗಳಾದ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಯೂಸ್‌ನೆಟ್ಟಿನ ಸಾವಿರಾರು ಚರ್ಚಾ ಗುಂಪುಗಳಿಗೆ ಒಂದೇ ದಿನ 'ಗ್ರೀನ್ ಕಾರ್ಡ್ ಲಾಟರಿ'ಯ ಜಾಹೀರಾತು ಹಾಕಿದರು. ಗುಂಪಿನ ವಿಷಯ ಗಣಿತವೋ ಅಡುಗೆಯೋ ಅವರಿಗೆ ಬೇಕಿರಲಿಲ್ಲ. ಆ ಲಾಟರಿಗೆ ಸೇರಲು ಆಗ ಸರ್ಕಾರಕ್ಕೆ ಶುಲ್ಕ ಕೊಡಬೇಕಿರಲಿಲ್ಲ. ಹಾಳೆಯ ಮೇಲೆ ವಿವರ ಬರೆದು ಅಂಚೆಗೆ ಹಾಕಿದರೆ ಸಾಕಾಗಿತ್ತು. ಅಷ್ಟು ಕೆಲಸಕ್ಕೆ ವಕೀಲರು ಕೇಳಿದ್ದು ಒಬ್ಬರಿಗೆ 95 ಡಾಲರ್. ಇನ್ನೂ ಸೋಜಿಗವೆಂದರೆ, ಅರ್ಹತೆಯಿಲ್ಲದ ದೇಶಗಳೆಂದು ಅದೇ ಜಾಹೀರಾತು ಕೊಟ್ಟ ಪಟ್ಟಿಯಲ್ಲಿ ಭಾರತವೂ ಇತ್ತು! ಅರ್ಥಾತ್, ಭಾರತದಲ್ಲಿ ಹುಟ್ಟಿದ ಓದುಗರಿಗೆ ಅದರಿಂದ ಬಿಡಿಗಾಸಿನ ಉಪಯೋಗವಿರಲಿಲ್ಲ. ಓದುಗರು ಕಳಿಸಿದ ದೂರುಗಳ ಭಾರಕ್ಕೆ ಆ ವಕೀಲರಿಗೆ ಜಾಲದ ಸಂಪರ್ಕ ಕೊಟ್ಟಿದ್ದ ಕಂಪನಿಯ ಗಣಕಗಳೇ ಮತ್ತೆ ಮತ್ತೆ ಕುಸಿದುಬಿದ್ದವು. 1997ರಲ್ಲಿ ಟೆನೆಸ್ಸಿ ರಾಜ್ಯವು ಕ್ಯಾಂಟರ್ ಅವರ ವಕೀಲಿ ಸನ್ನದನ್ನು ರದ್ದು ಮಾಡಿತು. ಈ ಜಾಹೀರಾತೂ ಅದಕ್ಕೆ ಒಂದು ಕಾರಣವಾಗಿತ್ತು.

ಸ್ಪ್ಯಾಮ್ ಎಂಬ ಹೆಸರಿನ ಮೂಲ 1937ರಲ್ಲಿ ಹಾರ್ಮೆಲ್ ಕಂಪನಿ ತಂದ ಡಬ್ಬಿ ಮಾಂಸ. 1970ರ ಬಿಬಿಸಿ ಹಾಸ್ಯ ದೃಶ್ಯವೊಂದರಲ್ಲಿ ಹೋಟೆಲಿನಲ್ಲಿ ಏನು ಕೇಳಿದರೂ ಅದೇ ಸಿಗುತ್ತದೆ, ಮಾತೆಲ್ಲ ಆ ಪದದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹೋಲಿಕೆ ಸರಿಯಾಗಿಯೇ ಇದೆ.

ಕಾನೂನುಗಳೇನೋ ಬಂದವು. ಅಮೆರಿಕದಲ್ಲಿ 2003ರಲ್ಲಿ 'ಡು ನಾಟ್ ಕಾಲ್' ಪಟ್ಟಿ ಬಂತು, ಅದೇ ವರ್ಷ ಸ್ಪ್ಯಾಮ್ ಕಾಯಿದೆಯೂ ಆಯಿತು. ಆದರೆ ಆ ಕಾಯಿದೆಯ ಪ್ರಕಾರ ನಾವು ಬೇಡ ಎನ್ನುವ ತನಕ ಜಾಹೀರಾತಿನ ಈ-ಮೇಲ್ ಕಳಿಸಬಹುದು. ಯುರೋಪಿನಲ್ಲಿ 2002ರ ನಿಯಮದಂತೆ, ಹಳೆಯ ಗಿರಾಕಿಗಳನ್ನು ಬಿಟ್ಟರೆ, ಮೊದಲು ಒಪ್ಪಿಗೆ ಪಡೆಯಬೇಕು. ಭಾರತದಲ್ಲಿ ಟ್ರಾಯ್ ಸಂಸ್ಥೆಯ ನಿಯಮದಡಿ 1909ಕ್ಕೆ ಫೋನ್ ಮಾಡಿ ಜಾಹೀರಾತು ಕರೆಗಳನ್ನು ಬೇಡವೆನ್ನಬಹುದು. ಊರಿನಲ್ಲಿರುವ ತಂದೆತಾಯಂದಿರಿಗೆ ಈ ಸಂಖ್ಯೆ ತಿಳಿಸಿ. ಗುರುತಿಲ್ಲದವರ ಸಂದೇಶಕ್ಕೆ "ಬೇಡ" ಎಂದೂ ಉತ್ತರಿಸಬಾರದೆಂದು ಹೇಳಿ. ಉತ್ತರ ಹೋದರೆ ಈ ಸಂಖ್ಯೆಯಲ್ಲಿ ಜನ ಇದ್ದಾರೆಂದು ಅವರಿಗೆ ಖಾತ್ರಿಯಾಗುತ್ತದೆ.

ಕೊನೆಯದಾಗಿ ನಮ್ಮ ಮನೆಯ ವಿಚಾರ. ಸಂಘದ ಸದಸ್ಯರ ಡೈರೆಕ್ಟರಿ ಬೇಕೆಂದು ಮನೆ ಮಾರುವವರು, ವಿಮೆ ಮಾಡಿಸುವವರು ಕೇಳುತ್ತಲೇ ಇರುತ್ತಾರೆ. "ನಮ್ಮವರೇ ತಾನೇ, ಕೊಟ್ಟರೇನು?" ಎಂಬ ಮಾತೂ ಬರುತ್ತದೆ. ಅಪರಿಚಿತರ ಫೋನನ್ನು ಪಟ್ಟನೆ ಇಟ್ಟುಬಿಡಬಹುದು, ಕನ್ನಡದಲ್ಲಿ "ನಮಸ್ಕಾರ, ಊಟ ಆಯ್ತಾ?" ಎಂದವರ ಫೋನನ್ನು ಇಡುವುದು ಹೇಗೆ? ನಮ್ಮವರು ಎಂಬ ದಾಕ್ಷಿಣ್ಯವೂ ಒಂದು ಖರ್ಚೇ, ಅದನ್ನು ತೆರುವವರು ನೀವು. ಆದ್ದರಿಂದ "ಬೇಡ ಎನ್ನುವ ತನಕ" ಎಂಬ ನಿಯಮ ನಮಗೆ ಸಾಲದು, "ಬೇಕು ಎಂದ ಮೇಲೆ" ಎಂಬುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಡೈರೆಕ್ಟರಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇರಬೇಕೇ ಬೇಡವೇ ಎಂಬುದನ್ನು ಸದಸ್ಯತ್ವದ ಅರ್ಜಿಯಲ್ಲಿ ದಯವಿಟ್ಟು ಬರೆದು ತಿಳಿಸಿ. ಏನೂ ಬರೆಯದಿದ್ದರೆ ಬೇಡವೆಂದೇ ತಿಳಿಯೋಣ.